ಹಳೇ ಸೀರೆ, ಒಂದು ಸೂಜಿ ಮತ್ತು ಕಮಲಾದೇವಿ

ಮಗು ಈಗ ತಾನೇ ಮಲಗಿದೆ. ಇನ್ನು ಮುಕ್ಕಾಲು ಗಂಟೆ ನಿಮ್ಮದು. ಪಾತ್ರೆ ತೊಳೆಯೋದಾ, ಒಣಗಿದ ಬಟ್ಟೆ ಮಡಚೋದಾ, ಸಂಜೆಗೆ ರಾಗಿ ಹುರಿದಿಡೋದಾ ಅಂತ ಯೋಚಿಸುವಷ್ಟರಲ್ಲೇ ಹತ್ತು ನಿಮಿಷ ಓಡಿಹೋಗಿರುತ್ತೆ. ಸಂಜೆ ಮನೆಯವರು ಬಂದು ಇವತ್ತೇನು ಮಾಡಿದೆ ಅಂತ ಕೇಳಿದರೆ ನಿಮ್ಮ ಬಾಯಿಂದ ಬರೋ ಉತ್ತರ ಒಂದೇ. ಏನಿಲ್ಲ, ಮನೇಲೇ ಇದ್ದೆ!

ಹೌದಲ್ವಾ? ಬೆಳಗ್ಗೆಯಿಂದ ಮೂರು ಸಲ ಅಡುಗೆ, ನಾಲ್ಕು ಸಲ ಮಗುವಿನ ಬಟ್ಟೆ ಬದಲಾವಣೆ, ಹರಿದ ಜುಬ್ಬಾಕ್ಕೆ ಹೊಲಿಗೆ, ಬಿಚ್ಚಿಹೋದ ಗುಂಡಿಗೆ ದಾರ. ಇಷ್ಟಾದರೂ ಲೆಕ್ಕಕ್ಕೆ ಮಾತ್ರ ಏನಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಚೆನ್ನಾಗಿ ಗೊತ್ತು. ಚಳ್ಳಕೆರೆಯ ಕರೀ ಕಂಬಳಿ ಯಾರಿಗೆ ಗೊತ್ತಿಲ್ಲ ಹೇಳಿ? ಕುರಿ ಉಣ್ಣೆ ಬಿಡಿಸಿ ನೂಲು ತೆಗೆಯುವವರು ಮನೆಯ ಹೆಂಗಸರು. ಹುಣಸೆ ಬೀಜ ಅರೆದು, ಬೇಯಿಸಿ, ನೂಲಿಗೆ ಹಚ್ಚುವ ಗಂಜಿ ತಯಾರಾಗುವುದು ಮನೆಯಲ್ಲೇ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆದರೆ ಮಗ್ಗದ ಮನೆಗಳಲ್ಲಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕಂಡಿಕೆ ಸುತ್ತುವ ತಾಯಿಯನ್ನು ಯಾರೂ ನೇಕಾರಳು ಅಂತ ಕರೆಯುವುದಿಲ್ಲ. ಅವಳು ಮನೆಯವರಿಗೆ ಸ್ವಲ್ಪ ಸಹಾಯ ಮಾಡ್ತಾಳೆ, ಅಷ್ಟೇ!

ಹೀಗೆ ಮನೆಯೊಳಗೆ ಕರಗಿಹೋಗುವ ಕೈಕೆಲಸಕ್ಕೆ ಬೆಲೆ ಕಟ್ಟಿ ಎಂದು ಜೀವನಪೂರ್ತಿ ಓಡಾಡಿದ ಹೆಣ್ಣುಮಗಳೊಬ್ಬರಿದ್ದರು. ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳಬೇಡಿ. ಅವರು ನಮ್ಮ ಮಂಗಳೂರಿನವರು. ಇವತ್ತು ಸೂಜಿ ದಾರ ಕೈಗೆತ್ತಿಕೊಳ್ಳುವ ಮೊದಲು ಅವರ ಕಥೆ ಕೇಳೋಣ. ಆಮೇಲೆ ಮಗುವಿಗೊಂದು ಪುಟ್ಟ ಕೌದಿ ಹೊಲಿಯೋಣ, ಒಂದು ಸುಲಭದ ಅಡುಗೆಯನ್ನೂ ಮಾಡೋಣ.

ಅಮ್ಮನ ಬರಿಗೈ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ್ ಸರಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಮನೆಯಲ್ಲೇ ಕಲಿತು ಓದು ಬರಹ ಬಲ್ಲವರಾಗಿದ್ದರು. ಅಜ್ಜಿಯೂ ಅಷ್ಟೇ, ಪುರಾಣ ಪುಣ್ಯಕಥೆಗಳನ್ನು ಚೆನ್ನಾಗಿ ತಿಳಿದವರು. ಆ ಕಾಲಕ್ಕೆ ಇದೇನೂ ಸಣ್ಣ ವಿಷಯ ಅಲ್ಲ.

ಎಲ್ಲ ಚೆನ್ನಾಗಿದೆ ಅನ್ನುವಷ್ಟರಲ್ಲಿ ತಂದೆ ತೀರಿಕೊಂಡರು. ಕಮಲಾಗೆ ಆಗ ಬರೀ ಏಳು ವರ್ಷ. ತಂದೆ ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಇಷ್ಟು ವರ್ಷ ಆ ಮನೆಯನ್ನು ನಡೆಸಿದ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳಿಗಿಷ್ಟು ಕೊಡ್ತೀವಿ ಅನ್ನೋ ಭರವಸೆ ಮಾತ್ರ. ಸ್ವಾಭಿಮಾನಿ ತಾಯಿ ಅದನ್ನೂ ಬೇಡ ಅಂದರು. ತವರಿನಿಂದ ತಂದಿದ್ದರಲ್ಲೇ ಮಕ್ಕಳನ್ನು ಸಾಕಲು ಹೊರಟರು.

ಆ ಪುಟ್ಟ ಹುಡುಗಿಯ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಅಡುಗೆ ಮಾಡಿದ್ದು ಅಮ್ಮ. ಮನೆ ಕಾಪಾಡಿದ್ದು ಅಮ್ಮ. ಬಂದವರನ್ನು ಉಪಚರಿಸಿದ್ದು ಅಮ್ಮ. ಅಪ್ಪ ಹೋದ ಮಾರನೇ ದಿನ ಅಮ್ಮನ ಕೈ ಖಾಲಿ! ಕಮಲಾದೇವಿ ಮುಂದೆ ಮಾಡಿದ ಕೆಲಸಗಳನ್ನೆಲ್ಲ ನೋಡಿದರೆ ಈ ಖಾಲಿ ಕೈಯ ನೆನಪು ಅವರನ್ನು ಬಿಟ್ಟಿರಲಿಲ್ಲ ಅನ್ನಿಸುತ್ತೆ.

ಅಂದ ಹಾಗೆ, ಈಗ ಕಾನೂನು ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಹೆಣ್ಣುಮಕ್ಕಳು, ಗಂಡುಮಕ್ಕಳು ಎಲ್ಲರೂ ಮೊದಲ ಸಾಲಿನ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು 2005ರಲ್ಲಿ ದೇಶಕ್ಕೆಲ್ಲ ತಿದ್ದುಪಡಿ ಆಯಿತು. ಮನೆ ಪತ್ರ, ಬ್ಯಾಂಕ್ ಪುಸ್ತಕ, ವಿಮೆಯ ಕಾಗದ ಎಲ್ಲಿವೆ, ನಾಮಿನಿ ಯಾರು ಅಂತ ನಿಮಗೆ ಗೊತ್ತಿದೆಯಾ? ಗೊತ್ತಿಲ್ಲ ಅಂದರೆ ಇವತ್ತೇ ಕೇಳಿ ಇಟ್ಟುಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ಮದುವೆ, ವೈಧವ್ಯ, ಮತ್ತೆ ಮದುವೆ

ಕಮಲಾಗೆ 14 ವರ್ಷಕ್ಕೇ ಮದುವೆ ಆಯಿತು, 1917ರಲ್ಲಿ. ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಹದಿನಾರರ ಹುಡುಗಿ ವಿಧವೆ! ಆ ಕಾಲದಲ್ಲಿ ಅಂಥ ಹುಡುಗಿಯ ಪಾಡು ಏನಾಗುತ್ತಿತ್ತು ಅಂತ ನಮ್ಮ ಅಜ್ಜಿಯರನ್ನು ಕೇಳಿದರೆ ಗೊತ್ತಾಗುತ್ತೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿತ್ತಲ ಕೋಣೆಗೆ ತಳ್ಳುತ್ತಿದ್ದ ಕಾಲ.

ಆದರೆ ಕಮಲಾ ಓದು ಮುಂದುವರಿಸಿದರು. ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಸೇರಿದರು. ಅಲ್ಲಿ ಗೆಳತಿಯಾದವರು ಸುಹಾಸಿನಿ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂಗಿ. ಅವರ ಅಣ್ಣ ಹರೀಂದ್ರನಾಥ ಕವಿ, ನಾಟಕಕಾರ. ಕಲೆಯ ಹುಚ್ಚು ಇಬ್ಬರಿಗೂ ಇತ್ತು, ಮದುವೆಯಾದರು. ವಿಧವೆಗೆ ಮರುಮದುವೆ, ಅದೂ ಬೇರೆ ಭಾಷೆ, ಬೇರೆ ಜಾತಿ! ಊರಲ್ಲಿ ಎಷ್ಟು ಗುಲ್ಲಾಗಿರಬೇಡ? ಕಮಲಾದೇವಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡನ ಹಿಂದೆ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಒಬ್ಬ ಮಗ ಹುಟ್ಟಿದ, ರಾಮಕೃಷ್ಣ. ಮನೆಯವರಿಗೆಲ್ಲ ರಾಮ.

ಮರ್ಯಾದಸ್ತರ ಮನೆಯ ಹೆಣ್ಣುಮಕ್ಕಳು ರಂಗ ಹತ್ತಬಾರದು ಅನ್ನುವ ಕಾಲದಲ್ಲಿ ನಾಟಕ ಮಾಡಿದರು. 1931ರ ಸುಮಾರಿಗೆ ತೆರೆಗೆ ಬಂದ ಮೃಚ್ಛಕಟಿಕದ ಕಥೆಯ ಮೂಕಿ ಚಿತ್ರದಲ್ಲೂ ನಟಿಸಿದರು. ಆದರೆ ಸಂಸಾರ ಮಾತ್ರ ಕೊನೆತನಕ ಸರಿಹೋಗಲಿಲ್ಲ. ಮುಂದೆ ಅವರಿಬ್ಬರೂ ವಿಚ್ಛೇದನ ಪಡೆದರು. ಆ ದಿನಗಳಲ್ಲಿ ಹೆಂಗಸೊಬ್ಬಳು ಕೋರ್ಟಿನ ಮೂಲಕ ಬೇರೆಯಾಗುವುದು ಕೇಳದ ಮಾತು.

ಒಲೆ ಬೀದಿಗೆ ಬಂದ ದಿನ

1926ರಲ್ಲಿ ಮದರಾಸು ಪ್ರಾಂತ್ಯದ ಶಾಸನಸಭೆಗೆ ಹೆಂಗಸರೂ ನಿಲ್ಲಬಹುದು ಅಂತಾಯಿತು. ಮಾರ್ಗರೆಟ್ ಕಸಿನ್ಸ್ ಹುರಿದುಂಬಿಸಿದರು, ಕಮಲಾದೇವಿ ನಿಂತೇಬಿಟ್ಟರು. ಪ್ರಚಾರಕ್ಕೆ ಕೆಲವೇ ದಿನ ಸಿಕ್ಕಿದ್ದು. ಸೋತರು, ಆದರೆ ಬಹಳ ಕಡಿಮೆ ಮತಗಳ ಅಂತರದಲ್ಲಿ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಹೆರಿಗೆ ಸಮಯದ ರಜೆ, ಒಂದೇ ಕೆಲಸಕ್ಕೆ ಒಂದೇ ಸಂಬಳ ಅಂತ ಊರೂರು ಸುತ್ತಿದರು.

ಬಂತು 1930. ಗಾಂಧೀಜಿ ದಂಡಿ ಯಾತ್ರೆಗೆ ಹೊರಟಾಗ ಜೊತೆಯಲ್ಲಿದ್ದವರು ಬರೀ ಗಂಡಸರು. ಕಮಲಾದೇವಿಗೆ ಇದು ಸರಿ ಕಾಣಲಿಲ್ಲ. ಉಪ್ಪು ಅಂದರೆ ಅಡುಗೆಮನೆ, ಅಡುಗೆಮನೆ ಅಂದರೆ ಹೆಂಗಸರು. ಹಾಗಿರುವಾಗ ಉಪ್ಪಿನ ಹೋರಾಟದಲ್ಲಿ ಹೆಂಗಸರಿಗೇ ಜಾಗ ಇಲ್ಲ ಅಂದರೆ ಹೇಗೆ? ಗಾಂಧೀಜಿಯನ್ನು ಕಂಡು ವಾದ ಮಾಡಿದರು. ಕೊನೆಗೆ ಸತ್ಯಾಗ್ರಹದ ಬಾಗಿಲು ಹೆಂಗಸರಿಗೂ ತೆರೆಯಿತು.

ಮುಂಬೈಯಲ್ಲಿ ಉಪ್ಪಿನ ಕಾನೂನು ಮುರಿದ ಮೊದಲ ತಂಡದಲ್ಲೇ ಕಮಲಾದೇವಿ ಇದ್ದರು. ಅವರು ಮಾಡಿದ್ದೇನು ಗೊತ್ತಾ? ಕಡಲ ತೀರದಲ್ಲಿ ಒಲೆ ಹೂಡಿದರು. ಬಾಣಲೆ ಇಟ್ಟರು. ಸಮುದ್ರದ ನೀರು ಕುದಿಸಿದರು. ಅಷ್ಟೇ! ನಾವು ನೀವು ದಿನಾ ಮಾಡುವ ಕೆಲಸ. ಆದರೆ ಅದೇ ಕೆಲಸ ಬ್ರಿಟಿಷ್ ಸರಕಾರವನ್ನು ನಡುಗಿಸಿತು. ಆ ಉಪ್ಪಿನ ಪೊಟ್ಟಣಗಳನ್ನು ಷೇರು ಪೇಟೆಯ ಮುಂದೆ ನಿಂತು ಮಾರಿದರು. ಕೋರ್ಟಿಗೂ ಹೋಗಿ ಮ್ಯಾಜಿಸ್ಟ್ರೇಟರಿಗೇ ಉಪ್ಪು ಬೇಕಾ ಅಂತ ಕೇಳಿದರಂತೆ. ಜೈಲಾಯಿತು. ಅದು ಮೊದಲನೆಯದು, ಮುಂದೆ ಮತ್ತೆ ಮತ್ತೆ ಜೈಲಿಗೆ ಹೋದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಗ ರಾಮ ಇನ್ನೂ ಚಿಕ್ಕ ಹುಡುಗ. ಅಮ್ಮ ಜೈಲಲ್ಲಿ, ಮಗ ಬೇರೆಯವರ ಆಸರೆಯಲ್ಲಿ. ಯಾವ ತಾಯಿಗೂ ಇದು ಸುಲಭದ ಮಾತಲ್ಲ. ಮಗುವನ್ನು ಎರಡು ಗಂಟೆ ಅತ್ತೆ ಹತ್ತಿರ ಬಿಟ್ಟು ಮಾರ್ಕೆಟ್ಟಿಗೆ ಹೋದರೂ ನಮಗೆ ಎಷ್ಟು ಹಳಹಳಿ ಆಗುತ್ತೆ! ಕಮಲಾದೇವಿಯನ್ನು ದೇವತೆ ಮಾಡಿ ಪೂಜಿಸುವುದು ಬೇಡ. ಅವರು ದೊಡ್ಡ ಕೆಲಸ ಮಾಡಿದರು, ಅದಕ್ಕೆ ದೊಡ್ಡ ಬೆಲೆಯನ್ನೂ ತೆತ್ತರು. ಅಮ್ಮನ ಜೊತೆ ಮಗನೂ ತೆತ್ತ. ನಾವೆಲ್ಲ ಹಾಗೇ ಮಾಡಬೇಕು ಅಂತಲ್ಲ. ಮನೆಯಲ್ಲಿರುವ ತಾಯಿಯೂ ತಪ್ಪಿತಸ್ಥಳಲ್ಲ, ಹೊರಗೆ ಹೋಗುವ ತಾಯಿಯೂ ತಪ್ಪಿತಸ್ಥಳಲ್ಲ. ಇಷ್ಟು ತಿಳಿದರೆ ಸಾಕು.

ಅಡುಗೆ, ಹೊಲಿಗೆಗೂ ಒಂದು ಕಾಲೇಜು

ಮಹಿಳಾ ಸಮ್ಮೇಳನದವರು 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆದರು. ಅದರ ಹಿಂದಿದ್ದವರಲ್ಲಿ ಕಮಲಾದೇವಿಯೂ ಒಬ್ಬರು. ಅಲ್ಲಿ ಕಲಿಸಿದ್ದು ಗೃಹವಿಜ್ಞಾನ. ಆಹಾರ, ಪೌಷ್ಟಿಕತೆ, ಬಟ್ಟೆ, ಶಿಶುಪಾಲನೆ ಎಲ್ಲ ಅದರಲ್ಲೇ ಬರುತ್ತೆ.

ಅಡುಗೆ ಹೊಲಿಗೆಗೆ ಕಾಲೇಜು ಯಾಕೆ, ಅಮ್ಮನ ಹತ್ತಿರ ಕಲಿತರೆ ಸಾಲದಾ ಅಂತ ನಿಮಗೆ ಅನ್ನಿಸಬಹುದು. ಅಲ್ಲೇ ಇರೋದು ಗುಟ್ಟು. ಎರಡು ವರ್ಷದ ಮಗುವಿಗೆ ಎಷ್ಟು ಬೇಳೆ ಬೇಕು, ಎಷ್ಟು ಕಬ್ಬಿಣಾಂಶ ಬೇಕು, ಯಾವ ಬಟ್ಟೆ ಮೈಗೆ ಒಗ್ಗುತ್ತೆ ಅನ್ನೋದು ಬರೀ ಅಭ್ಯಾಸ ಅಲ್ಲ, ತಿಳಿವಳಿಕೆ. ಓದಿ, ಅಳೆದು, ಪರೀಕ್ಷೆ ಮಾಡಿ ಕಲಿಯಬೇಕಾದ ವಿದ್ಯೆ. ಮನೆಗೆಲಸಕ್ಕೆ ವಿದ್ಯೆಯ ಗೌರವ ಕೊಟ್ಟ ಹಾಗಾಯಿತು. ಇವತ್ತಿಗೂ ಆ ಕಾಲೇಜು ದೆಹಲಿಯಲ್ಲಿ ನಡೆಯುತ್ತಿದೆ.

ಮನೆ ಕಳೆದುಕೊಂಡವರ ಕೈ

1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ದೇಶವೂ ಹೋಳಾಯಿತು. ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲಿ ದೆಹಲಿಗೆ ಬಂದರು. ಕಮಲಾದೇವಿಯ ಜೊತೆ ಜೈಲಿಗೆ ಹೋದವರೆಲ್ಲ ಮಂತ್ರಿಗಳಾಗುತ್ತಿದ್ದ ಕಾಲ ಅದು. ಕಮಲಾದೇವಿ ಅಧಿಕಾರದ ಹತ್ತಿರ ಸುಳಿಯಲಿಲ್ಲ, ನಿರಾಶ್ರಿತರ ಡೇರೆಗಳ ಕಡೆ ನಡೆದರು.

1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ದೆಹಲಿ ಹತ್ತಿರದ ಫರೀದಾಬಾದಿನಲ್ಲಿ ನಿರಾಶ್ರಿತರಿಗಾಗಿ ಹೊಸ ಊರು ಎದ್ದಿತು. ದಾನ ಕೊಡೋದು ಬೇಡ, ದುಡಿಯೋಕೆ ದಾರಿ ಕೊಡೋಣ ಅನ್ನೋದು ಅವರ ಯೋಚನೆ. ಜನ ತಮ್ಮ ಕೈಯಿಂದಲೇ ಮನೆ ಕಟ್ಟಿಕೊಂಡರು. ಮನೆ, ಹೊಲ, ಒಡವೆ ಎಲ್ಲ ಕಳೆದುಕೊಂಡು ಬಂದ ಹೆಂಗಸಿನ ಹತ್ತಿರ ಉಳಿದದ್ದು ಏನು ಹೇಳಿ? ಅವಳ ಕೈಯ ಕಸುಬು. ಸೂಜಿ ಹಿಡಿಯೋದು, ನೂಲೋದು, ನೇಯೋದು. ಅದನ್ನು ಯಾವ ಗಲಭೆಯೂ ಕಿತ್ತುಕೊಳ್ಳೋಕೆ ಆಗಲ್ಲ.

ಆದರೆ ಕಸುಬು ಇದ್ದರೆ ಸಾಲದು, ಮಾರೋದಕ್ಕೆ ಜಾಗ ಬೇಕು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ನಡೆಸುವ ಹೊಣೆ 1952ರಲ್ಲಿ ಅವರ ಸಹಕಾರಿ ಸಂಸ್ಥೆಗೆ ಬಂತು. ಅದೇ ವರ್ಷ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪಿಸಿತು, ಕಮಲಾದೇವಿ ಅದರ ಅಧ್ಯಕ್ಷೆಯಾದರು. ಮುಂದಿನ ಸುಮಾರು 20 ವರ್ಷ ಹಳ್ಳಿ ಹಳ್ಳಿ ತಿರುಗಿದರು. ಸಾಯುತ್ತಿದ್ದ ಕಸುಬುಗಳನ್ನು ಹುಡುಕಿ ತೆಗೆದರು. ಕುಂಬಾರರು, ಕಮ್ಮಾರರು, ನೇಕಾರರು, ಕಸೂತಿ ಹಾಕುವ ಹೆಂಗಸರು ಎಲ್ಲರ ಮನೆ ಬಾಗಿಲಿಗೆ ಹೋದರು. ಒಳ್ಳೆ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡೋದು 1965ರಲ್ಲಿ ಶುರುವಾಯಿತು. ಭಾರತೀಯ ಕಸೂತಿಯ ಬಗ್ಗೆ ಪುಸ್ತಕವನ್ನೂ ಬರೆದರು.

ನಮ್ಮ ಧಾರವಾಡ ಕಡೆಯ ಕಸೂತಿ ನೋಡಿದ್ದೀರಲ್ವಾ? ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕೇ ಹೊಲಿಗೆ. ಗಂಟು ಹಾಕುವ ಹಾಗಿಲ್ಲ, ದಾರ ಎಣಿಸಿ ಎಣಿಸಿ ಹಾಕಬೇಕು. ಇಂಥದ್ದನ್ನು ಹೆಣ್ಣುಮಕ್ಕಳು ಹೊತ್ತು ಹೋಗೋದಕ್ಕೆ ಮಾಡುವ ಆಟ ಅಂದವರಿಗೆ, ಇಲ್ಲ ಇದು ಕಲೆ, ಇದಕ್ಕೆ ಕೂಲಿ ಕೊಡಿ ಅಂತ ದೇಶದಲ್ಲೆಲ್ಲ ಹೇಳಿಕೊಟ್ಟವರು ಕಮಲಾದೇವಿ.

ಅವರ ಇನ್ನೊಂದು ನಂಬಿಕೆ ನಮ್ಮಂಥ ಗೃಹಿಣಿಯರಿಗೆ ತುಂಬಾ ಹತ್ತಿರದ್ದು. ಕೈಯಲ್ಲಿ ಮಾಡಿದ ವಸ್ತು ಶೋಕೇಸಿನಲ್ಲಿ ಕೂರಬಾರದು, ದಿನಾ ಬಳಕೆಗೆ ಬರಬೇಕು. ನೀರು ಕುಡಿಯುವ ಚೊಂಬು, ಹೊದೆಯುವ ಹೊದಿಕೆ, ಮಗುವಿನ ಆಟಿಕೆ ಎಲ್ಲದರಲ್ಲೂ ಚೆಂದ ಇರಬೇಕು. ಬಳಸದ ಚೆಂದ ಉಳಿಯೋದಿಲ್ಲ ಅನ್ನೋದು ಅವರ ಲೆಕ್ಕ.

ಕೊನೆಯ ದಿನಗಳು

ಪ್ರಶಸ್ತಿಗಳು ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ. 1986ರಲ್ಲಿ ಆತ್ಮಕಥೆ ಹೊರಬಂತು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ಕಮಲಾದೇವಿ ಕಣ್ಣು ಮುಚ್ಚಿದರು. ಆಗ ಅವರಿಗೆ 85 ವರ್ಷ.

ಅವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನು ಕೇಂದ್ರ ಸರಕಾರ 2020ರಲ್ಲಿ ರದ್ದು ಮಾಡಿತು. ಸುದ್ದಿ ಕೇಳಿ ಕರಕುಶಲ ಲೋಕದ ಹಲವರು ನೊಂದುಕೊಂಡರು. ಆದರೆ ಅವರ ಹೆಸರು ಅಳಿಸಿಲ್ಲ. 2017ರಲ್ಲಿ ಕೈಮಗ್ಗದ ಮಹಿಳೆಯರಿಗಾಗಿ ಕಮಲಾದೇವಿ ಹೆಸರಿನಲ್ಲೇ ರಾಷ್ಟ್ರಪ್ರಶಸ್ತಿ ಘೋಷಿಸಲಾಯಿತು. ಮೊಳಕಾಲ್ಮೂರಿನಲ್ಲಿ ಕಂಡಿಕೆ ಸುತ್ತುವ ತಾಯಿ ನೆನಪಾದಳಲ್ವಾ? ಅವಳನ್ನು ನೇಕಾರಳು ಅಂತ ಕರೆಯೋಕೆ ಇಷ್ಟು ವರ್ಷ ಬೇಕಾಯಿತು ನೋಡಿ.

ಮನೆಗೆಲಸದ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಸರಕಾರ 2024ರಲ್ಲಿ ಸರ್ವೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸ ಮಾಡುವ ಗಂಡಸರು ಕೊಡೋದು 88 ನಿಮಿಷ. ಮಗು ನೋಡಿಕೊಳ್ಳುವ ಸಮಯ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ! ಹಾಗಾದರೆ ಇವತ್ತೇನು ಮಾಡಿದೆ ಅಂದರೆ ಏನಿಲ್ಲ ಅಂತ ಹೇಳೋದು ಸರೀನಾ?

ಬನ್ನಿ, ಪುಟ್ಟ ಕೌದಿ ಹೊಲಿಯೋಣ

ಅಜ್ಜಿ ಹೊಲಿದ ಕೌದಿಯ ಬೆಚ್ಚಗಿನ ಸುಖ ಯಾವ ಅಂಗಡಿ ಬ್ಲಾಂಕೆಟ್ಟಿಗೂ ಬರಲ್ಲ. ಹೊಲಿಗೆ ಮಿಷನ್ ಬೇಡ, ಹೊಸ ಬಟ್ಟೆಯೂ ಬೇಡ. ಮೆತ್ತಗಾದ ಒಂದು ಹಳೇ ಕಾಟನ್ ಸೀರೆ, ಸೂಜಿ, ದಪ್ಪ ದಾರ ಇದ್ದರೆ ಆಯಿತು.

* ಸೀರೆಯನ್ನು ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ಜರಿ ಇದ್ದರೆ ಆ ಅಂಚು ಕತ್ತರಿಸಿ ತೆಗೆಯಿರಿ, ಮಗುವಿನ ಮೈಗೆ ಚುಚ್ಚುತ್ತೆ.
* ಸೀರೆಯ ಉದ್ದವನ್ನು ಮುಕ್ಕಾಲು ಮೀಟರಿನಂತೆ ಕತ್ತರಿಸಿದರೆ ಏಳು ತುಂಡು ಸಿಗುತ್ತೆ. ನಾಲ್ಕು ತುಂಡು ಕೌದಿಗೆ, ಮೂರು ತುಂಡು ಆಮೇಲಿನ ಕೆಲಸಕ್ಕೆ.
* ನಾಲ್ಕನ್ನೂ ಒಂದರ ಮೇಲೊಂದು ಸುಕ್ಕಿಲ್ಲದಂತೆ ಹಾಸಿ. ಸುತ್ತ ಅರ್ಧ ಇಂಚು ಒಳಮಡಚಿ ದೊಡ್ಡ ಕಚ್ಚಾ ಹೊಲಿಗೆ ಹಾಕಿ.
* ಈಗ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬನ್ನಿ. ಸಾದಾ ಓಟದ ಹೊಲಿಗೆ ಸಾಕು. ಸಾಲಿನಿಂದ ಸಾಲಿಗೆ ಎರಡು ಬೆರಳಿನ ಅಂತರ ಇರಲಿ. ಕೊನೆಗೆ ಕಚ್ಚಾ ಹೊಲಿಗೆ ಬಿಚ್ಚಿ.
* ಮಗು ಮಲಗಿದಾಗ ದಿನಾ ಅರ್ಧ ಗಂಟೆ ಕೂತರೂ ಎರಡು ವಾರದೊಳಗೆ ಕೌದಿ ರೆಡಿ. ಎದ್ದ ತಕ್ಷಣ ಸೂಜಿ ಎಣಿಸಿ ಡಬ್ಬಿಗೆ ಹಾಕೋದು ಮರೀಬೇಡಿ.
* ಮಣಿ, ಗುಂಡಿ, ಮಿಂಚು, ಲಾಡಿ ಏನೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ. ಒಂದು ವರ್ಷದೊಳಗಿನ ಕೂಸಾದರೆ ಮಲಗುವಾಗ ಕೌದಿ ಹೊದಿಸಬೇಡಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಆಡಲು ಕೆಳಗೆ ಹಾಸಿ.

ಉಳಿದ ಮೂರು ತುಂಡಿನಲ್ಲಿ ಊಟದ ಬಿಬ್ ಮಾಡಿ. ಬಟ್ಟೆಯನ್ನು ಎರಡು ಪದರ ಮಾಡಿ, ಮೇಲೆ ಬಟ್ಟಲು ಕವುಚಿಟ್ಟು ಕತ್ತಿನ ಆಕಾರ ಗುರುತು ಮಾಡಿ ಕತ್ತರಿಸಿ, ಅಂಚು ಹೊಲಿಯಿರಿ. ಹಿಂದೆ ಕಟ್ಟೋ ಲಾಡಿ ಬದಲು ವೆಲ್ಕ್ರೋ ಹಾಕಿ, ಕತ್ತಿಗೆ ಬಿಗಿಯಲ್ಲ.

ಒಂದೇ ಪಾತ್ರೆ, ಇಡೀ ಮನೆಗೆ ಊಟ

ಮಗುವಿಗೆ ಬೇರೆ, ದೊಡ್ಡವರಿಗೆ ಬೇರೆ ಅಂತ ಎರಡೆರಡು ಅಡುಗೆ ಮಾಡಿ ಸುಸ್ತಾಗ್ತೀರಾ? ಚಿತ್ರದುರ್ಗದ ಬಯಲುಸೀಮೆಯ ನವಣೆ ಇದಕ್ಕೆ ಒಳ್ಳೆ ಉಪಾಯ. ಕಡಿಮೆ ಮಳೆಯಲ್ಲೂ ಬೆಳೆಯುವ ಧಾನ್ಯ, ಈಗ ನಗರದ ಅಂಗಡಿಗಳಲ್ಲೂ ಸಿಗುತ್ತೆ.

ಒಂದು ಕಪ್ ನವಣೆ, ಅರ್ಧ ಕಪ್ ಹೆಸರುಬೇಳೆ ತೊಳೆದು ಅರ್ಧ ಗಂಟೆ ನೆನೆಸಿ. ಐದು ಕಪ್ ನೀರು, ಚಿಟಿಕೆ ಅರಿಶಿನ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಸಿಹಿಗುಂಬಳ ಹಾಕಿ ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಕೂಗಿಸಿ. ಉಪ್ಪು, ಖಾರ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಡಿ. ಅದನ್ನು ಮಸೆದು ತುಪ್ಪ ಸೇರಿಸಿ ಕೊಡಿ. ವರ್ಷ ತುಂಬಿದ ಮಗುವಿಗೆ ಚೂರು ಉಪ್ಪು ಹಾಕಬಹುದು, ಅದಕ್ಕಿಂತ ಚಿಕ್ಕದಕ್ಕೆ ಬೇಡ. ಉಳಿದದ್ದಕ್ಕೆ ಜೀರಿಗೆ, ಮೆಣಸು, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ದೊಡ್ಡವರ ಪೊಂಗಲ್ ಆಯಿತು!

ಚಳ್ಳಕೆರೆ ಅಂದರೆ ಎಣ್ಣೆ ಗಿರಣಿಗಳ ಊರು, ಶೇಂಗಾ ಮರೆಯೋದು ಹೇಗೆ? ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ಗಂಜಿಗೆ ಅರ್ಧ ಚಮಚ ಬೆರೆಸಿ. ಮೊದಲ ಸಲ ತೀರಾ ಸ್ವಲ್ಪ ಕೊಟ್ಟು, ಮೈಮೇಲೆ ದದ್ದು, ತುಟಿ ಊತ, ವಾಂತಿ ಏನಾದರೂ ಬರುತ್ತಾ ನೋಡಿ. ಬಂದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಇಡೀ ಕಾಳು ಮಾತ್ರ ಐದು ವರ್ಷದ ತನಕ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಕೌದಿ ಮುಗಿದ ಮೇಲೆ ಅದನ್ನು ಬೀರುವಿನಲ್ಲಿ ಮಡಚಿಡಬೇಡಿ. ಮಗು ಅದರ ಮೇಲೆ ಉರುಳಲಿ, ಗಂಜಿ ಚೆಲ್ಲಲಿ, ನೀವು ಒಗೆದು ಒಣಹಾಕಿ. ಅದು ಬಳಸೋಕೇ ಮಾಡಿದ್ದು. ಮೂಲೆಯಲ್ಲಿ ಮಗುವಿನ ಹೆಸರಿನ ಜೊತೆ ನಿಮ್ಮ ಹೆಸರನ್ನೂ, ಇಸವಿಯನ್ನೂ ದಾರದಲ್ಲಿ ಬರೆಯಿರಿ.

ಮತ್ತೆ ಇವತ್ತು ಸಂಜೆ ಮನೆಯವರು ಏನು ಮಾಡಿದೆ ಅಂತ ಕೇಳಿದರೆ, ಒಂದೊಂದಾಗಿ ಹೇಳಿ. ಎರಡು ಸಾಲು ಕೌದಿ ಹೊಲಿದೆ, ನವಣೆ ಪೊಂಗಲ್ ಮಾಡಿದೆ, ಮಗುವಿಗೆ ಕಥೆ ಹೇಳಿ ಮಲಗಿಸಿದೆ. ಹೇಳಿ ಮುಗಿಸಿದ ಮೇಲೆ ಸೂಜಿಯನ್ನೋ ಸೌಟನ್ನೋ ಅವರ ಕೈಗೂ ಒಂದಿಷ್ಟು ಹೊತ್ತು ಕೊಡಿ. ಅವರ 88 ನಿಮಿಷ ಸ್ವಲ್ಪ ಹೆಚ್ಚಾಗಲಿ!